ಮೇಲಿನ ಟ್ಯಾಂಕು, ಕೆಳಗಿನ ಸಂಪು, ನಡುವೆ ನಾನು

ಎದೆಯೊಳಗೆ ಹೃದಯ ಎಂಬುದೊಂದಿದೆ ಎಂದು ಮನುಷ್ಯನಿಗೆ ನೆನಪಾಗುವುದು ಅದು ಕೆಟ್ಟಾಗ. ಅಪಾರ್ಟ್‌ಮೆಂಟಿಗೆ ಸೆಕ್ರೆಟರಿ ಎಂಬ ಪ್ರಾಣಿಯೊಂದಿದೆ ಎಂದು ಅಲ್ಲಿಯವರಿಗೆ ನೆನಪಾಗುವುದು ನಲ್ಲಿಯಲ್ಲಿ ನೀರು ನಿಂತಾಗ. ಎರಡೂ ಸರಿಯಾಗಿ ನಡೆಯುವಷ್ಟು ದಿನ ಯಾರೂ ಅವಕ್ಕೆ ಒಂದು ನಮಸ್ಕಾರವನ್ನೂ ಹೇಳುವುದಿಲ್ಲ. ಈ ಮಾತನ್ನು ನಾನು ತತ್ತ್ವಜ್ಞಾನಿಯಂತೆ ಹೇಳುತ್ತಿಲ್ಲ, ಹೊಟ್ಟೆಯುರಿಯಿಂದ ಹೇಳುತ್ತಿದ್ದೇನೆ. ಚೆನ್ನೈನ ಪೆರುಂಗುಡಿಯ ನಮ್ಮ ಮೂರು ಮಹಡಿಯ ಕಟ್ಟಡಕ್ಕೆ ನಾನು ಸೆಕ್ರೆಟರಿಯಾದದ್ದು ಸೇವೆಯ ಹುಚ್ಚಿನಿಂದಲ್ಲ. ಮೊದಲ ಮೀಟಿಂಗಿನ ನಡುವೆ ಬಾತ್‌ರೂಮಿಗೆಂದು ಎದ್ದುಹೋಗಿದ್ದೆ. ವಾಪಸು ಬರುವಷ್ಟರಲ್ಲಿ ನನ್ನನ್ನು ಅವಿರೋಧವಾಗಿ ಆರಿಸಿ, ಚಹಾ ಕುಡಿಯುತ್ತಿದ್ದರು.

ನಮ್ಮದು ಅಜ್ಜನ ಕಾಲದಿಂದ ಇದೇ ಊರಿನ ತ್ರಿಪ್ಲಿಕೇನಿನಲ್ಲಿದ್ದ ಮಾಧ್ವರ ಮನೆ. ಅಲ್ಲಿ ಗಲ್ಲಿ ಇಕ್ಕಟ್ಟಾಗಿದ್ದರೂ ನೆಲದಡಿ ಒಂದು ಚರಂಡಿ ಇತ್ತು, ಹೋದದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ನಿವೃತ್ತನಾದ ಮೇಲೆ ಗಾಳಿ ಬೆಳಕು ಬೇಕೆಂದು ಪೆರುಂಗುಡಿಗೆ ಬಂದೆ. ಇಲ್ಲಿ ರಸ್ತೆಯುದ್ದಕ್ಕೂ ಗಾಜಿನ ಆಫೀಸುಗಳು ಆಕಾಶ ಮುಟ್ಟುತ್ತವೆ, ಆದರೆ ನಮ್ಮ ಬೀದಿಯ ನೆಲದಡಿ ಪೈಪೇ ಇಲ್ಲ. ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತದೆ, ಬಳಸುವ ನೀರು ಲಾರಿಯಲ್ಲಿ ಬರುತ್ತದೆ, ಬಳಸಿದ ನೀರೂ ಲಾರಿಯಲ್ಲೇ ಹೋಗುತ್ತದೆ. ಬರುವ ಲಾರಿಯೂ ಹೋಗುವ ಲಾರಿಯೂ ಒಮ್ಮೊಮ್ಮೆ ಗೇಟಿನಲ್ಲಿ ಎದುರುಬದುರಾಗುತ್ತವೆ. ಆಗ ಬಾಲ್ಕನಿಗಳಲ್ಲಿ ಎಲ್ಲರೂ ಬಂದು ನಿಂತು, ಯಾವ ಪೈಪು ಯಾವ ಗುಂಡಿಗೆ ಇಳಿಯುತ್ತಿದೆ ಎಂದು ಉಸಿರು ಬಿಗಿಹಿಡಿದು ನೋಡುತ್ತಾರೆ. ಕೆಳಗಿಳಿದು ಬರುವವನು ಮಾತ್ರ ನಾನೊಬ್ಬನೇ.

ಫೋನು ಬೆಳಗಿನಿಂದ ಶುರುವಾಗುತ್ತಿತ್ತು. ಮೇಲಿನ ಮಹಡಿಯ ರಶ್ಮಿ ಮಂಡ್ಯದ ಹುಡುಗಿ, ಹತ್ತಿರದ ಆಫೀಸಿನಲ್ಲಿ ಕೆಲಸ. "ಅಂಕಲ್, ತಲೆಗೆ ಶಾಂಪೂ ಹಾಕ್ಕೊಂಡ್ ನಿಂತಿವ್ನಿ, ನೀರೇ ಬತ್ತಿಲ್ಲ! ಈಗ್ಲೇ ಮೋಟ್ರು ಹಾಕ್ಸಿ!" ಎನ್ನುವಳು. ನಮ್ಮ ಎದುರುಮನೆಯ ವರದರಾಜನ್ ಫೋನು ಮಾಡುವುದಿಲ್ಲ. ನಲ್ಲಿ ಎರಡು ನಿಮಿಷ ಸಣ್ಣಗಾದರೆ ಸಾಕು, ಬಕೀಟು, ಕೊಡ, ಡ್ರಮ್ಮು, ಕಡೆಗೆ ಕುಕ್ಕರಿಗೂ ನೀರು ತುಂಬಿಸಿಟ್ಟುಕೊಂಡು, ಆಮೇಲೆ ಹೊರಗೆ ಬಂದು "ಎನ್ನ ಸಾರ್, ತಣ್ಣಿ ವರಲಿಯೇ?" ಎಂದು, ನೀರು ಬರುತ್ತಿಲ್ಲವೆಂದು ಈಗಷ್ಟೇ ತಿಳಿದವರಂತೆ, ಮುಗ್ಧವಾಗಿ ಕೇಳುತ್ತಾರೆ. ತುಂಬಿಸಿಟ್ಟುಕೊಳ್ಳುವವರಿಂದಲೇ ಉಳಿದವರಿಗೆ ನೀರಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಹೀಗಿರುವಾಗ ನನ್ನ ಪಾದಗಳು ಊದಿಕೊಂಡವು. ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತಿತ್ತು. ಮೇಲಿನ ಟ್ಯಾಂಕು ನೋಡಲು ಮೆಟ್ಟಿಲು ಹತ್ತಿದರೆ ಎದೆಯ ಮೇಲೆ ಯಾರೋ ಕುಳಿತಂತಾಗುತ್ತಿತ್ತು. ನನ್ನ ಹೆಂಡತಿ ಪದ್ಮಾ ಮೈಸೂರಿನವಳು, ಗಾದೆ ಹೇಳದೆ ಅವಳಿಗೆ ಸಿಟ್ಟು ಬರುವುದಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ. ಹೊರಡಿ ಡಾಕ್ಟ್ರ ಹತ್ರ" ಎಂದು ಆಟೋ ಹತ್ತಿಸಿದಳು.

ಹೃದಯದ ಡಾಕ್ಟರು ನಾನು ಸೆಕ್ರೆಟರಿ ಎಂದು ತಿಳಿದ ಕೂಡಲೇ ಖುಷಿಯಾಗಿಬಿಟ್ಟರು. ಪಾಠ ಹೇಳುವುದು ಸುಲಭವಾಯಿತಲ್ಲ! ಹೃದಯವೆಂದರೆ ಒಂದೇ ಗೋಡೆ ಹಂಚಿಕೊಂಡ ಎರಡು ಮೋಟಾರು ಸಾರ್, ಎಂದು ಕಾಗದದ ಮೇಲೆ ಗೀಚಿದರು. ಮೈಯೆಲ್ಲ ಸುತ್ತಿ ದಣಿದು ಬಂದ ರಕ್ತವನ್ನು ಬಲಗಡೆಯದು ಶ್ವಾಸಕೋಶಕ್ಕೆ ತಳ್ಳುತ್ತದೆ. ಅಲ್ಲಿ ಗಾಳಿ ತುಂಬಿಕೊಂಡು ಬಂದದ್ದನ್ನು ಎಡಗಡೆಯದು ಮತ್ತೆ ಮೈಗೆಲ್ಲ ಕಳಿಸುತ್ತದೆ. ಆ ರಕ್ತ ಮೂತ್ರಪಿಂಡಗಳಿಗೂ ಹೋಗುತ್ತದೆ. ಅವೆರಡು ದಿನಕ್ಕೆ ದೊಡ್ಡ ಡ್ರಮ್ಮಿನಷ್ಟು ನೀರನ್ನು ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೇ ಹಿಂದಿರುಗಿಸಿ, ಬೇಡವಾದದ್ದನ್ನಷ್ಟೇ ಒಂದೆರಡು ಚೊಂಬಿನಷ್ಟು ನೀರಿನಲ್ಲಿ ಹೊರಗೆ ಹಾಕುತ್ತವೆ. ಇದನ್ನು ಕೇಳಿ ನನಗೆ ಅಸೂಯೆಯಾಯಿತು. ಸ್ನಾನದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸೋಣ ಎಂದು ನಾನು ಹಿಂದೊಮ್ಮೆ ಮೀಟಿಂಗಿನಲ್ಲಿ ಹೇಳಿದಾಗ, "ಅವರ ಮನೆ ನೀರು ನಮ್ಮ ಮನೆಗೆ ಬರಬೇಕಾ?" ಎಂದು ನನ್ನನ್ನೇ ತಿನ್ನುವಂತೆ ನೋಡಿದ್ದರು. ಮೂತ್ರಪಿಂಡಗಳಿಗೆ ಅಂಥ ಮಡಿ ಮೈಲಿಗೆ ಇಲ್ಲ.

ನಿಮ್ಮ ಮೋಟಾರು ದುರ್ಬಲವಾಗಿದೆ, ಎಂದು ಡಾಕ್ಟರು ಮುಂದುವರಿಸಿದರು. ಒತ್ತಿ ಕಳಿಸಲಾರದು. ಮೂತ್ರಪಿಂಡಗಳಿಗೆ ರಕ್ತ ಕಡಿಮೆ ಬಂದರೆ ಅವು ಗಾಬರಿಯಾಗುತ್ತವೆ. ಮೈಯಲ್ಲಿ ನೀರೇ ಮುಗಿದಿದೆ ಎಂದು ತಪ್ಪು ತಿಳಿದು ಉಪ್ಪು, ನೀರು ಎರಡನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಹಿಡಿದಿಟ್ಟದ್ದು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶದಲ್ಲೂ ನಿಲ್ಲುತ್ತದೆ. ನನಗೆ ಮುಂದಿನ ವಿವರಣೆ ಬೇಕಾಗಲಿಲ್ಲ. ಮನೆಯ ಎದುರಿಗೆ ಒಬ್ಬರು ಸಾಲದೆಂದು ನನ್ನ ಸೊಂಟದ ಎಡಬಲಕ್ಕೂ ಒಬ್ಬೊಬ್ಬ ವರದರಾಜನ್ ಕುಳಿತಿದ್ದಾರೆ ಎಂದು ಅರ್ಥವಾಯಿತು.

ಅಪ್ಪಣೆಗಳು ಹೀಗಿದ್ದವು: ಉಪ್ಪು ಕಡಿಮೆ, ನೀರು ಹೋಗುವುದಕ್ಕೆ ಒಂದು ಮಾತ್ರೆ, ದಿನಕ್ಕೆ ಎಲ್ಲ ಸೇರಿ ಒಂದು ಲೀಟರು ನೀರು. ಮೆಟ್ಟಿಲು ಹತ್ತಬಾರದು, ಜಗಳವಾಡಬಾರದು. "ಆ ಸೆಕ್ರೆಟರಿ ಕೆಲಸ ಮೊದಲು ಬಿಡಿ. ಇಲ್ಲದಿದ್ದರೆ ಮುಂದಿನ ಸಲ ನೀವು ಇಲ್ಲಿಗೆ ನಡೆದುಕೊಂಡು ಬರುವುದಿಲ್ಲ" ಎಂದರು ಡಾಕ್ಟರು.

ಎಲ್ಲ ಸೇರಿ ಎಂಬ ಮಾತನ್ನು ಪದ್ಮಾ ಗಟ್ಟಿಯಾಗಿ ಹಿಡಿದುಕೊಂಡಳು. ಕಾಫಿ ಸೇರಿತು, ಸಾರು ಸೇರಿತು, ಮಜ್ಜಿಗೆ ಸೇರಿತು. ನಮ್ಮಂಥವರ ಊಟದಲ್ಲಿ ಅನ್ನ ಬಿಟ್ಟರೆ ಎಲ್ಲವೂ ಹರಿಯುವಂಥದ್ದೇ, ಇನ್ನೇನು ಉಳಿಯಿತು? ಒಂದು ದಿನ ಸಂಧ್ಯಾವಂದನೆಗೆ ಕುಳಿತವನು ಆಚಮನದ ನೀರನ್ನು ಉದ್ಧರಣೆಯಲ್ಲಿ ತುಸು ಧಾರಾಳವಾಗಿಯೇ ತೆಗೆದುಕೊಂಡೆ. ಅಡುಗೆಮನೆಯಿಂದ ದನಿ ಬಂತು. "ಅದೂ ಲೆಕ್ಕಕ್ಕೆ ಬರುತ್ತೆ ಕಣ್ರೀ. ಭಗವಂತ ಒಂದು ತೊಟ್ಟು ನೀರಿಗೂ ತೃಪ್ತನಾಗ್ತಾನೆ." ಚೆನ್ನೈನ ಮೇ ತಿಂಗಳು, ನಾಲಗೆ ಅಂಗುಳಕ್ಕೆ ಅಂಟಿಕೊಂಡಿದೆ. ಮಠಕ್ಕೆ ಹೋಗಿ ತೀರ್ಥ ತೆಗೆದುಕೊಂಡು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ಎರಡನೆಯ ಸಲ ಆಚಾರ್ಯರು ನನ್ನ ಮುಖ ನೋಡಿದ ರೀತಿಗೆ ಮೂರನೆಯ ಸಲ ನಿಲ್ಲುವ ಧೈರ್ಯ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಡಾಕ್ಟರು ಒಂದು ಲೀಟರು ಎಂದರೆ ಇವಳು ಸುರಕ್ಷತೆಗೆಂದು ಅದರಲ್ಲೂ ಅರ್ಧ ಲೋಟ ಹಿಡಿದುಕೊಳ್ಳುತ್ತಿದ್ದಳು. ಇತ್ತ ಮಾತ್ರೆ ನುಂಗಿದರೆ ಬಾತ್‌ರೂಮಿನಿಂದ ಹೊರಬರಲು ಬಿಡುವಿಲ್ಲ. ನೀರು ಕಂಡರೆ ಬಾಯಿ ಬಿಡುವ ಸ್ಥಿತಿಯಲ್ಲಿ, ಕಮೋಡಿನ ಮೇಲೆ ಕುಳಿತು, ಲಾರಿಯವನೊಂದಿಗೆ ಎಷ್ಟು ಸಾವಿರ ಲೀಟರು ಬೇಕೆಂದು ಫೋನಿನಲ್ಲಿ ಮಾತಾಡುತ್ತಿದ್ದೆ.

ಹೌದು, ಕೆಲಸ ಬಿಟ್ಟಿರಲಿಲ್ಲ. ನಾನು ಬಿಟ್ಟರೆ ಮೋಟಾರು ಯಾರು ನೋಡುತ್ತಾರೆ, ಲಾರಿ ಯಾರು ಕರೆಸುತ್ತಾರೆ ಎಂದು ಪದ್ಮಾಗೆ ಹೇಳುತ್ತಿದ್ದೆ. ಒಳಗಿನ ಆಸೆ ಬೇರೆಯಿತ್ತು. ನಾನು ಹೋಗುತ್ತೇನೆ ಎಂದಾಗ ಒಬ್ಬರಾದರೂ "ನೀವಿಲ್ಲದೆ ಹೇಗೆ ಸಾರ್?" ಎನ್ನಬೇಕು. ಅಷ್ಟು ಕೇಳಿಸಿಕೊಂಡು ಬಿಡಬೇಕು. ಒಬ್ಬರು ಸಾಕಿತ್ತು, ಸುಳ್ಳಿಗೆ ಅಂದಿದ್ದರೂ ಸಾಕಿತ್ತು.

ಕೊನೆಗೆ ಒಂದು ಭಾನುವಾರ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಮೀಟಿಂಗು ಕರೆದೆ. ಆರೋಗ್ಯದ ವಿಷಯ ಹೇಳಿ, ರಾಜೀನಾಮೆ ಎಂಬ ಮಾತಿಗೆ ಬಂದಾಗ ದನಿ ಸ್ವಲ್ಪ ನಡುಗಿಸಿದೆ. ಅರ್ಧ ತಾನೇ ನಡುಗಿತು. ಎಲ್ಲರ ಮುಖ ನೋಡಿದೆ. ವರದರಾಜನ್ ಕಣ್ಣೊರೆಸಿಕೊಳ್ಳುವವರಂತೆ ಕನ್ನಡಕ ತೆಗೆದರು. ನನ್ನ ಆಸೆ ಚಿಗುರಿತು. ಅವರು ಕನ್ನಡಕ ಒರೆಸಿ ಹಾಕಿಕೊಂಡು, "ಪಾವಂ ಸಾರ್. ಉಡಂಬೈ ಪಾತ್ತುಕ್ಕೋಂಗ. ಶರಿ, ಅಡುತ್ತದು ಯಾರು?" ಎಂದರು. ಪಾಪ, ಮೈ ನೋಡಿಕೊಳ್ಳಿ, ಸರಿ, ಮುಂದಿನವರು ಯಾರು. ಇಷ್ಟು ವರ್ಷದ ಸೇವೆ ಮೂರು ಮಾತಿನಲ್ಲಿ ಮುಗಿಯಿತು. ನನ್ನ ಎದೆ ನಿಜವಾಗಿ ನೋಯಿತು, ಡಾಕ್ಟರು ಹೇಳಿದ ನೋವಲ್ಲ.

ಮುಂದಿನವರು ಯಾರು ಎಂದದ್ದೇ ತಡ, ಎಲ್ಲರ ತಲೆಯೂ ಫೋನಿನೊಳಗೆ ಇಳಿಯಿತು. ಬಾತ್‌ರೂಮಿಗೆ ಯಾರೂ ಏಳಲಿಲ್ಲ, ಅಷ್ಟು ಬುದ್ಧಿ ಅವರಿಗಿದೆ. ಆಗ ರಶ್ಮಿ ಎದ್ದು ನಿಂತಳು. "ನಮ್ ಪದ್ಮಾ ಆಂಟಿ ಆಗ್ಲಿ. ಕಟ್ಕೊಂಡ್ ಗಂಡಂಗೇ ಲೋಟ್‌ದಲ್ಲಿ ಅಳ್ದು ನೀರ್ ಕೊಡ್ತಾರೆ. ಅಂಥೋರು ನಮ್ಗೆ ಮೋಸ ಮಾಡ್ತಾರಾ?" ಎಂದು, ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು. ಚಪ್ಪಾಳೆ ಬಿತ್ತು. ಆ ಜಾಗದಲ್ಲಿ ನಾನು ಚಪ್ಪಾಳೆ ಕೇಳಿದ್ದು ಅದೇ ಮೊದಲು. ಪದ್ಮಾ ಬೇಡವೆನ್ನುತ್ತಾಳೆ ಎಂದು ತಿರುಗಿ ನೋಡಿದೆ. ಅವಳು ಸೆರಗು ಸರಿಪಡಿಸಿಕೊಂಡು ನನ್ನ ಕಡೆ ಕೈ ಚಾಚಿದಳು. "ಪಂಪ್ ರೂಮಿನ ಬೀಗದಕೈ ಕೊಡಿ."

ಈಗ ನೀರು ಹೊತ್ತಿಗೆ ಸರಿಯಾಗಿ ಬರುತ್ತದೆ. ಎದುರುಮನೆಗೆ ಹೋಗಿ ಅವಳೇ ನಿಂತು ಕುಕ್ಕರು ಖಾಲಿ ಮಾಡಿಸಿದ್ದಾಳೆ ಎಂದು ಕೇಳಿದೆ. ನನ್ನ ಪಾದದ ಊತ ಇಳಿದಿದೆ, ಉಸಿರು ಸರಾಗವಾಗಿದೆ. ಡಾಕ್ಟರು ನನ್ನ ಬೆನ್ನು ತಟ್ಟಲಿಲ್ಲ, "ಮೇಡಂ, ಸೂಪರ್" ಎಂದು ಪದ್ಮಾಗೆ ಹೇಳಿದರು. ನನ್ನ ಫೋನು ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಬಿದ್ದಿರುತ್ತದೆ. ಬೇಸರ ತಾಳಲಾರದೆ ಮೊನ್ನೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ತೆರೆದೆ, ಯಾರಾದರೂ ನನ್ನನ್ನು ನೆನೆಸಿಕೊಂಡಿರಬಹುದೆಂದು. ನೆನೆಸಿಕೊಂಡಿದ್ದರು. ನನ್ನನ್ನು ಗ್ರೂಪಿನಿಂದ ತೆಗೆದಿದ್ದರು. ಕೂಗಾಡುತ್ತ ಅಡುಗೆಮನೆಗೆ ಹೋದರೆ ಪದ್ಮಾ ನನ್ನ ಪಾಲಿನ ಮಜ್ಜಿಗೆ ಅಳೆಯುತ್ತಿದ್ದಳು.

"ಗ್ರೂಪಲ್ಲಿ ಮನೆಗೊಬ್ಬರೇ ಇರ್ಬೇಕು ಅಂತ ರೂಲ್ ಮಾಡಿದ್ಯಾರು?" ಎಂದಳು ತಲೆ ಎತ್ತದೆ.

ಮಾಡಿದ್ದುಣ್ಣೋ ಮಹರಾಯ. ರೂಲು ಮಾಡಿದ್ದು ನಾನೇ. ಬೇಡವಾದದ್ದನ್ನು ಆಗಿಂದಾಗ್ಗೆ ಹೊರಗೆ ಹಾಕದಿದ್ದರೆ ಸಂಘ ಊದಿಕೊಳ್ಳುತ್ತದೆ ಎಂದು ಅವತ್ತು ಭಾಷಣ ಮಾಡಿದವನೂ ನಾನೇ.