ಬಾತುಕೋಳಿ ಎಣಿಸಲು ಹೋದ ಭಾನುವಾರ

ಯಾರೂ ಒತ್ತಾಯ ಮಾಡದ ಕೆಲಸವನ್ನು ಒಪ್ಪಿಕೊಳ್ಳಬಾರದು. ಒತ್ತಾಯ ಮಾಡಿದವರಿದ್ದರೆ ಆಮೇಲೆ ಬೈಯುವುದಕ್ಕಾದರೂ ಒಬ್ಬರು ಸಿಗುತ್ತಾರೆ. ಎಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದ್ದರು. ಪಕ್ಕದ ಮನೆಯ ಶಾಸ್ತ್ರಿಗಾರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಚಳಿಗಾಲಕ್ಕೆ ಕೆರೆಗೆ ಬರುವ ಹಕ್ಕಿಗಳನ್ನು ಎಣಿಸಲು ಜನ ಬೇಕೆಂದು ಅವರು ಹೇಳಿದ್ದೇ ತಡ, “ಎಣಿಸುವುದು ನನ್ನ ವೃತ್ತಿಯೇ ಅಲ್ಲವೇ?” ಎಂದು ಎದೆಯುಬ್ಬಿಸಿದೆ. ನೋಟುಗಳು ಎಣಿಸುವಾಗ ಎದ್ದು ಹಾರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

“ಮನ್ಯಾಗ ಅಕ್ಕಿ ತೀರಿದ್ದು ಗೊತ್ತಾಗೂದಿಲ್ಲ, ಕೆರ್ಯಾಗಿನ ಬಾತುಕೋಳಿ ಎಣಸಾಕ ಹೊಂಟೀರಿ!” ಎಂದಳು ಹೆಂಡತಿ ಸರಳಾ. ಆದರೂ ಅವಲಕ್ಕಿ ಕಟ್ಟಿಕೊಂಡು ಜೊತೆಗೇ ಬಂದಳು.

ಪಟ್ಟಣದಾಚೆ ಪರವಾಡದ ಕಡೆಗಿರುವ ಹಳ್ಳಿಯೊಂದರ ಕೆರೆ ಅದು. ಬಾತುಕೋಳಿಗಳು ನೀರು ಕಾಣದಷ್ಟು ಕೂತಿದ್ದವು. ನಾನು ನೂರರ ಹತ್ತಿರ ಬರುವಷ್ಟರಲ್ಲಿ ಮೇಲೊಂದು ಹದ್ದು ಸುಳಿಯಿತು. ಅಷ್ಟೂ ಎದ್ದು ಒಂದು ಸುತ್ತು ಹಾಕಿ, ಹಳೆಯ ಲೆಕ್ಕವನ್ನು ಹೊಸದರೊಳಗೆ ಕಲಸಿ ಮತ್ತೆ ಕೂತವು. ಇನ್ನೊಮ್ಮೆ ಶುರುಮಾಡುವಾಗ ಹಿಂದಿನಿಂದ ಯಾರೋ ನನ್ನ ದುರ್ಬೀನು ಕಿತ್ತುಕೊಂಡರು.

ತಿರುಗಿ ನೋಡಿದರೆ ಅರ್ಧ ಊರೇ ನಿಂತಿತ್ತು. “ಫ್ಯಾಕ್ಟರಿಗೆ ಕೆರೆ ಅಳೀತಿದ್ದೀರಾ ಸಾರ್? ನಾವು ಮೀನು ಎಲ್ಲಿ ಹಿಡಿಯೋದು?” ಎಂದು ಹೆಗಲ ಮೇಲೆ ಬಲೆ ಹೊತ್ತವನು ತೆಲುಗಿನಲ್ಲಿ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅದು ನನ್ನನ್ನೂ ಹೆದರಿಸಿತು. ಶಾಸ್ತ್ರಿಗಾರು ಸೈಬೀರಿಯಾದಿಂದ ಹಿಡಿದು ವಿವರಿಸಿದರು. ದೇಶದ ವಿಜ್ಞಾನಕ್ಕೆ ಇದರಿಂದಾಗುವ ಉಪಕಾರವನ್ನು ನಾನು ನನ್ನ ಹರಕು ತೆಲುಗಿನಲ್ಲಿ ಸೇರಿಸಿದೆ. ಒಬ್ಬರೂ ನಂಬಲಿಲ್ಲ. ನಾಲ್ಕು ಜನ ಇನ್ನೂ ಹತ್ತಿರ ಬಂದರು.

ಆಗ ಸರಳಾ ಅವಲಕ್ಕಿ ಡಬ್ಬಿ ಕೆಳಗಿಟ್ಟು ಎದ್ದಳು. ಅವಳ ತೆಲುಗು ತರಕಾರಿ ಸಂತೆಯಲ್ಲಿ ಪಳಗಿದ್ದು. ಗುಂಪಿನಲ್ಲಿದ್ದ ಮುದುಕಿಯೊಬ್ಬಳಿಗೆ, “ಮಾ ಆಯನಕಿ ಆದಿವಾರಂ ಪನೇಂ ಲೇದಮ್ಮಾ, ಪಿಟ್ಟಲ್ನಿ ಲೆಕ್ಕಪೆಡುತುನ್ನಾರು” ಎಂದಳು. ನಮ್ಮ ಯಜಮಾನರಿಗೆ ಭಾನುವಾರ ಮಾಡಲು ಕೆಲಸವಿಲ್ಲ, ಹಕ್ಕಿ ಎಣಿಸುತ್ತಿದ್ದಾರೆ ಎಂದರ್ಥ.

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಯ್ಯೋ ಪಾಪಂ!” ಎಂದಳು. ಊರಿಗೆ ಊರೇ ನಕ್ಕಿತು. ವಿಜ್ಞಾನವನ್ನು ನಂಬದವರು ನನ್ನ ನಿರುದ್ಯೋಗವನ್ನು ತಕ್ಷಣ ನಂಬಿದರು. ದುರ್ಬೀನು ವಾಪಸು ಬಂತು. ಹಕ್ಕಿಗಳು ಮತ್ತೆ ಏಳದಂತೆ ಬಲೆಯವನು ಊರ ನಾಯಿಗಳನ್ನು ದೂರ ಅಟ್ಟಿದ. ಮುದುಕಿ ಸರಳಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ಮದುವೆಗೆ ಮುಂಚಿನಿಂದಲೂ ಇತ್ತೇ ಎಂದು ವಿಚಾರಿಸಿದಳು.

ಎಣಿಕೆ ಮುಗಿಸಿ ಮರಳುವಾಗ ಶಾಸ್ತ್ರಿಗಾರು ಬಹಳ ಖುಷಿಯಲ್ಲಿದ್ದರು. “ಮುಂದಿನ ವರ್ಷ ಮೇಡಂ ಅವರು ಬರಲೇಬೇಕಂಡೀ” ಎಂದರು. ನಾನೂ ಬರಬೇಕೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.