ವಾಲಿದ ಅಕ್ಷರಗಳ ಪ್ರತಾಪ

ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನಿಗೆ ನಗುವ ಸಂಗತಿಗಳು ದಿನವೂ ಬಾಗಿಲಿಗೇ ಬರುತ್ತವೆ. ಕಷ್ಟವೇನೆಂದರೆ, ಅವು ಗಿರಾಕಿಗಳ ರೂಪದಲ್ಲಿ ಬರುತ್ತವೆ. ಎದುರಿಗೆ ನಗುವ ಹಾಗಿಲ್ಲ.

ನಾನು ಕೊಳ್ಳೇಗಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿದ್ದೆ. ಊರು ಆಗಿನ್ನೂ ಮದರಾಸು ಸರ್ಕಾರಕ್ಕೆ ಸೇರಿತ್ತು. ಒಮ್ಮೆ ಮದರಾಸಿಗೆ ಹೋದ ನಮ್ಮ ಯಜಮಾನರು ಒಂದು ಪೆಟ್ಟಿಗೆ ತುಂಬ ಮರದ ಅಕ್ಷರ ಕೆತ್ತಿಸಿಕೊಂಡು ಬಂದರು. ಒಂದೊಂದೂ ಅಂಗೈಯಗಲ, ಮೇದು ಕೊಬ್ಬಿದ ಹಾಗೆ ದಪ್ಪ. ಎಲ್ಲವೂ ಬಲಕ್ಕೆ ವಾಲಿಕೊಂಡು, ಬಸ್ಸು ತಪ್ಪೀತೆಂದು ಓಡುವವರ ಹಾಗೆ ಕಾಣುತ್ತಿದ್ದವು.

"ಕುಸ್ತಿ, ಕಬಡ್ಡಿ, ಗಾಡಿ ಪಂದ್ಯಕ್ಕೆ ಇವು ಕಣಯ್ಯ. ನೋಡಿದೋನ ಎದೆ ಡವಡವ ಅನ್ಬೇಕು," ಅಂದರು ಯಜಮಾನರು. ಡವಡವ ಅಂದದ್ದು ನಿಜ. ಹೆಚ್ಚಾಗಿ ನನ್ನ ಎದೆಯೇ.

೧. ಪೈಲ್ವಾನರು

ಮೊದಲು ಅಚ್ಚಾದದ್ದು ಯಳಂದೂರಿನ ಕುಸ್ತಿಯ ಪೋಸ್ಟರು. ಮೇಲೆ ಕೆಳಗೆ ಓರೆ ಅಕ್ಷರ, ನಡುವೆ ಮಧುವನಹಳ್ಳಿ ಪೈಲ್ವಾನರು ತೊಡೆ ತಟ್ಟಿ ನಿಂತ ಚಿತ್ರ. ಅಂಟಿಸಲು ಕಳಿಸಿದ್ದು ನಮ್ಮ ಕಾಯಂ ಮುದುಕನನ್ನು. ಓದು ಬರದಿದ್ದರೂ ಬಲು ನಿಯತ್ತಿನ ಮನುಷ್ಯ.

ಎರಡು ದಿನಕ್ಕೆ ಪೈಲ್ವಾನರೇ ಪ್ರೆಸ್ಸಿಗೆ ನುಗ್ಗಿದರು. ಬಾಗಿಲಲ್ಲಿದ್ದ ಬೆಳಕೆಲ್ಲ ಮಾಯವಾಯಿತು.

"ಕುಸ್ತಿ ಇರೋದು ಭಾನ್ವಾರ ಕಣ್ರೀ! ಇವತ್ತೇ ನನ್ನ ಅಂಗಾತ ಮಲಗಿಸ್ಬುಟ್ಟಿದ್ದೀರಲ್ಲ!"

ಹೋಗಿ ನೋಡಿದರೆ ಯಳಂದೂರಿನ ಗೋಡೆಗಳ ಮೇಲೆಲ್ಲ ಪೋಸ್ಟರುಗಳು ಎಡಕ್ಕೆ ಓರೆ. ಅಕ್ಷರಗಳು ಕಂಬದ ಹಾಗೆ ನೆಟ್ಟಗಿವೆ, ಪೈಲ್ವಾನರು ಮಾತ್ರ ಹಿಂದಕ್ಕೆ ಬೀಳುತ್ತಿದ್ದಾರೆ.

ಮುದುಕನನ್ನು ಕೇಳಿದರೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ನೀವು ಅಕ್ಸರಾನೆಲ್ಲ ಸೊಟ್ಟಕೆ ಜೋಡ್ಸಿದ್ರಿ ಸಾ. ಯಜಮಾನ್ರಿಗೆ ಗೊತ್ತಾದ್ರೆ ನಿಮ್ ಕೆಲ್ಸ ಓಯ್ತದೆ ಅಂತ ನಾನೇ ನೆಟ್ಟಗೆ ಮಾಡಿ ಅಂಟಿಸ್ದೆ."

೨. ಮಿಂಚಿನ ವೇಗ

ಅದು ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಹಿಂದೆ ಇದ್ದಿಲೊಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಯ ಮಾತು. ಹನೂರಿಗೆ ಬಸ್ಸು ಬಿಡುತ್ತಿದ್ದ ಸಾಹುಕಾರರೊಬ್ಬರಿಗೆ ನಮ್ಮ ಅಕ್ಷರದ ಮೇಲೆ ಮನಸ್ಸಾಯಿತು. 'ಮಿಂಚಿನ ವೇಗ' ಅಂತ ಅಚ್ಚು ಮಾಡಿಸಿ, ಬಸ್ಸಿನ ಹಿಂಭಾಗಕ್ಕೇ ಅಂಟಿಸಿದರು.

ಒಂದು ದಿನ ನಾನೂ ಆ ಬಸ್ಸು ಹತ್ತಿದೆ. ಮೊದಲ ಏರಿನಲ್ಲೇ ಮಿಂಚು ಕೆಮ್ಮಿ, ಹೊಗೆ ಬಿಟ್ಟು ನಿಂತಿತು. "ಎಲ್ರೂ ಇಳೀರಪ್ಪ, ತಳ್ಳಿ!" ಅಂದ ಕಂಡಕ್ಟರು. ಇಪ್ಪತ್ತು ಜನ ಸೊಂಟ ಬಗ್ಗಿಸಿ ತಳ್ಳತೊಡಗಿದೆವು. ಪೋಸ್ಟರು ನಮ್ಮ ಮೂಗಿನ ನೇರಕ್ಕೇ ಇತ್ತು.

ನನ್ನ ಪಕ್ಕದ ರೈತ ತನ್ನ ಗೆಳೆಯನನ್ನು ಕೇಳಿದ: "ಯಾಕ್ಲಾ, ಅಕ್ಸರ ಇಂಗೆ ಬಗ್ಗವೆ?"

ಗೆಳೆಯ ಏದುಸಿರಲ್ಲೇ ಹೇಳಿದ: "ಅವೂವೆ ನಮ್ಮಂಗೆ ಬಸ್ ತಳ್ತಾವೆ ಕಣ್ಲಾ!"

೩. ಒಬ್ಬರಿಗೊಬ್ಬರು

ರೇಷ್ಮೆಗೂಡಿನ ವ್ಯಾಪಾರಿಯೊಬ್ಬರು ಮಗಳ ಮದುವೆ ಕಾಗದಕ್ಕೆ ಬಂದರು. "ಮದುವೆಗೆ ದುಂಡಕ್ಷರ ಲಕ್ಷಣ ಸಾ," ಅಂದೆ.

"ನಮ್ಮನೆ ಮದ್ವೆ ಅಂದ್ರೆ ಮೂರೂರು ನಡುಗ್ಬೇಕು. ಆ ಗೂಳಿ ಅಕ್ಷರದಲ್ಲೇ ಹಾಕ್ರಿ!"

ಹಾಕಿದೆ. ಕಾಗದ ಪೋಸ್ಟರಿನಷ್ಟಾಯಿತು. ಎಡಕ್ಕೆ ವಧುವಿನ ಹೆಸರು, ಬಲಕ್ಕೆ ವರನ ಹೆಸರು, ನಡುವೆ ಒಂದು ಗೆರೆ, ಕೆಳಗೆ 'ಒಬ್ಬರಿಗೊಬ್ಬರು'. ಹನೂರಿನ ಕಡೆಯ ನೆಂಟರೊಬ್ಬರು ಕಾಗದ ನೋಡಿ, "ಅಖಾಡ ಯಾವ್ ಕಡೆ ಸಾಮಿ?" ಅಂತ ಕೇಳಿಕೊಂಡು ಬಂದರಂತೆ.

ವರ್ಷ ಕಳೆದ ಮೇಲೆ ಆ ಮದುಮಗ ಪ್ರೆಸ್ಸಿಗೆ ಬಂದ. ಸೊರಗಿಹೋಗಿದ್ದ. ಮಾವನ ಮನೆಯಲ್ಲೇ ಇದ್ದಾನಂತೆ. "ಸಂಸಾರ ಎಂಗಪ್ಪ?" ಅಂದೆ.

"ಪಂದ್ಯ ಅಂತ ನೀವು ಮೊದ್ಲೇ ತಿಳಿಸಿದ್ರಿ, ನಾನೇ ಎಚ್ಚೆತ್ಕಳ್ನಿಲ್ಲ. ಆದ್ರೂ ಒಬ್ಬರಿಗೊಬ್ಬರು ಅಂತ ಅಚ್ಚಾಕಿದ್ರಲ್ಲ, ಅದು ಮೋಸ ಸಾ. ಅವ್ರ ಕಡೆಯಿಂದ ಐದು ಜನ ಇಳಿದವ್ರೆ!"

೪. ಓಟಿನ ಕಾಲ

ಸ್ವಾತಂತ್ರ್ಯ ಬಂದು ಮೊದಲ ಚುನಾವಣೆಯೂ ಬಂತು. ಊರಿನ ದೊಡ್ಡ ಮನುಷ್ಯರೊಬ್ಬರು ಉಮೇದುವಾರರಾಗಿ ನಿಂತರು. ದಪ್ಪ ಓರೆ ಅಕ್ಷರದಲ್ಲಿ ಹೆಸರು, ಕೆಳಗೆ ಪಕ್ಷದ ಗುರುತು. ಪೋಸ್ಟರು ಒಣಗುವುದರೊಳಗೆ ಆ ಪಕ್ಷದವರು ಟಿಕೆಟ್ಟು ಬೇರೆಯವರಿಗೆ ಕೊಟ್ಟರು. ಇವರು ಎದುರು ಪಕ್ಷ ಸೇರಿ, ಹೊಸ ಟೋಪಿಯಲ್ಲಿ ಮತ್ತೆ ನಮ್ಮಲ್ಲಿಗೆ ಬಂದರು.

"ಹೆಸರು ಅದೇ ಇರ್ಲಿ. ಆದರೆ ಹಳೆ ಪೋಸ್ಟರು ಆ ಕಡೆಗೆ ವಾಲಿತ್ತು. ಈಗ ನಾವು ಈ ಕಡೆ. ಅಕ್ಷರ ಎಡಕ್ಕೆ ವಾಲೋ ಹಾಗೆ ಮಾಡ್ಕೊಡಿ."

ಯಜಮಾನರು ಒಂದು ಅಕ್ಷರ ಎತ್ತಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದರು. "ಒಂದ್ಸಲ ಯಾವ ಕಡೆ ವಾಲ್ತೋ ಅದೇ ಕಡೆ ಸಾ. ಬೇಕಾದಾಗ ಬೇಕಾದ ಕಡೆ ವಾಲೋಕೆ ಇವೇನು ಮನುಷ್ಯರೇ? ಮರದವು."

ದೊಡ್ಡವರಿಗೆ ಚುಚ್ಚಲೇ ಇಲ್ಲ. ಗಂಭೀರವಾಗಿ ಯೋಚಿಸಿ, "ಹಂಗಾದ್ರೆ ಯಾವ ಕಡೆಗೂ ಬೇಡ. ನೆಟ್ಟಗಿರೋ ಅಕ್ಷರದಲ್ಲೇ ಹಾಕ್ಬಿಡಿ," ಅಂದರು.

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ:

"ನೆಟ್ಟಗಿದ್ರೆ ಅದು ನಿಮ್ದು ಅಂತ ಯಾರೂ ನಂಬಲ್ಲ ಸಾ!"