ಗೋಡೆಯಾಚೆಯ ಠಣ್‌ಠಣ್

ದೊಡ್ಡ ಗಂಟಲಿದ್ದವನೇ ದೊಡ್ಡ ಮಾಸ್ತರ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆಯ ಜೊತೆಗೇ ನರೇಗಲ್ಲಿನ ಹೊಸ ಸರಕಾರಿ ಶಾಲೆಗೆ ಬಂದೆ. ಶಾಲೆಯ ಗೋಡೆಗೆ ಹತ್ತಿಕೊಂಡೇ ತಾಮ್ರದ ಕೊಡ ಬಡಿಯುವ ಮಾನಪ್ಪನ ಅಂಗಡಿ. ನಾನು ‘ಅ’ ಎಂದರೆ ಆಚೆಯಿಂದ ಸುತ್ತಿಗೆ ‘ಠಣ್’ ಎನ್ನುತ್ತಿತ್ತು. ಮಕ್ಕಳು ಭಕ್ತಿಯಿಂದ ‘ಅಠಣ್’ ಎಂದು ಒಪ್ಪಿಸುತ್ತಿದ್ದರು. “ಏನೂ ಕೇಳಸದ ಸಾಲಿ ಯಾಕ? ಹತ್ತಿ ಬಿಡಸಾಕರ ಆಗ್ತಾರ” ಎಂದು ತಂದೆಗಳು ಮಕ್ಕಳನ್ನು ಶಾಲೆ ಬಿಡಿಸತೊಡಗಿದರು. ಮಕ್ಕಳಿಲ್ಲದ ಶಾಲೆಗೆ ಮಾಸ್ತರ ಯಾಕೆ ಬೇಕು? ಹೆದರಿ ಮಾನಪ್ಪನ ಬಳಿ ಹೋದೆ. “ಸುತ್ತಿಗಿಗೆ ಮೆತ್ತಗ ಮಾತಾಡು ಅಂದ್ರ ಕೇಳತೈತೇನ್ರಿ?” ಎಂದ. ನಾನು ಮರಳಿ ಬಂದು ಇನ್ನೂ ಜೋರಾಗಿ ಕೂಗತೊಡಗಿದೆ.

ಕೂಗಿ ಕೂಗಿ ಗಂಟಲು ಕಟ್ಟಿದ ಒಂದು ಮುಂಜಾನೆ ಮಕ್ಕಳಿಗೇ ಹೇಳಿಬಿಟ್ಟೆ: “ಈ ಸಪ್ಪಳ ಎಲ್ಲಿಂದ ಬರತೈತಿ ನೋಡ್ರಿ, ನೀವ ಕಡಿಮಿ ಮಾಡ್ರಿ.” ಅವರು ಮೊದಲು ನನ್ನ ಮನೆಯ ಕೌದಿಗಳನ್ನು ತಂದು ಗೋಡೆಗೆ ಇಳಿಬಿಟ್ಟರು. ಸದ್ದು ಅಷ್ಟೇ ಇತ್ತು. ಮನೆಯಲ್ಲಿ ಹೆಂಡತಿಯ ಸದ್ದು ಹೆಚ್ಚಾಯಿತು. ಆಮೇಲೆ ಬಸ್ಯಾ ಎಂಬ ಹುಡುಗ ನೆಲಕ್ಕೆ ಕಿವಿ ಹಚ್ಚಿ, “ಮಾಸ್ತರ, ನೆಲಾನ ಬಡಕೊಳ್ಳಾಕತ್ತೈತ್ರಿ!” ಎಂದ. ಮಡಕೆಯ ಬಾಯಿಗೆ ತೊಗಲು ಬಿಗಿದು, ಮೇಲೆ ಜೋಳದ ಕಾಳು ಹರಡಿ ನೆಲದ ಮೇಲಿಟ್ಟರು. ಒಂದೊಂದು ಪೆಟ್ಟಿಗೂ ಕಾಳು ಕುಣಿದವು. ಸದ್ದೆಂದರೆ ನಡುಕವೆಂದು ನಾನು ಬಾಯಿಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ನಡುಕ ನೆಲಕ್ಕೆ ಇಳಿಯದಂತೆ ಮಾಡಬೇಕು, ಅಷ್ಟೇ ತಾನೆ? ಮಾನಪ್ಪನನ್ನು ಕಾಡಿ ಬೇಡಿ, ಅವನು ಕೊಡವಿಟ್ಟು ಬಡಿಯುವ ಅಡಿಗಲ್ಲನ್ನು ಹೊಟ್ಟಿನ ಚೀಲದ ಮೇಲೆ ಕೂಡಿಸಿದರು. ಕಲ್ಲು ಓಲಾಡಿ ಮದುವೆಯ ಕೊಡವೊಂದು ಸೊಟ್ಟಗಾಯಿತು. “ಹೊರಗ ನಡೀರಿ!” ಎಂದು ಗದರಿದ. ಹುಡುಗರು ಹೊರಗೆ ಹೋದರು, ಆದರೆ ದೂರ ಹೋಗಲಿಲ್ಲ. ಬಾಗಿಲಲ್ಲೇ ಕೂತು ಚರ್ಚೆ ಮಾಡಿದರು. ಮನಸ್ಸು ಕರಗಿದ ಮಾನಪ್ಪ ಮತ್ತೆ ಕರೆದ. ಈ ಸಲ ಕುಣಿ ತೋಡಿ, ಹೊಟ್ಟು ಗಿಡಿದು ತುಂಬಿ, ಮೇಲೆ ಹಲಗೆ ಹಾಸಿ, ಕಲ್ಲಿಟ್ಟು, ಸುತ್ತ ಮರಳು ತುಂಬಿದರು. ಅವನು ಸುತ್ತಿಗೆ ಎತ್ತಿ ಹೊಡೆದ. ಇತ್ತ ಶಾಲೆಯಲ್ಲಿ ಕಾಳು ಕದಲಲಿಲ್ಲ. ಮಕ್ಕಳೇ ಕುಣಿದರು.

ವಾರ ಕಳೆಯುವುದರೊಳಗೆ ಬಿಟ್ಟುಹೋದ ಹುಡುಗರೆಲ್ಲ ಮರಳಿದರು. ಒಂದು ದಿನ ಮಾನಪ್ಪ ಬಾಗಿಲಲ್ಲಿ ನಿಂತು ಸಂಕೋಚದಿಂದ, “ತಪ್ಪ ತಿಳೀಬ್ಯಾಡ್ರಿ ಮಾಸ್ತರ. ಈಗ ನಿಮ್ಮ ದನಿ ನನ್ನ ಅಂಗಡಿಗೆ ಭಾಳ ಬರಾಕತ್ತೈತ್ರಿ” ಎಂದ. ಮಕ್ಕಳು ಎದ್ದು ನನ್ನ ಸುತ್ತ ನಿಂತು, ಎಷ್ಟು ಹೊಟ್ಟು ಬೇಕಾದೀತೆಂದು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆಯುವಂತೆ ನೋಡತೊಡಗಿದರು.

ಅಂದಿನಿಂದ ನಾನೇ ಮೆಲ್ಲಗೆ ಪಾಠ ಹೇಳುತ್ತೇನೆ. ಮಕ್ಕಳು ಹತ್ತಿರ ಸರಿದು ಕೂಡುತ್ತಾರೆ. ತೊಂದರೆ ಒಂದೇ: ನಾನು ತಪ್ಪು ಹೇಳಿದರೆ ಈಗ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ.